ಅಟ್ಟದಲ್ಲಿ ಸಿಕ್ಕ ಸ್ಪೆಕ್ಟ್ರಮ್: ಕೀಬೋರ್ಡ್ ಉಳಿಸಿಕೊಂಡು ಒಳಗಿನದನ್ನು ಹೊಸದಾಗಿ ಕಟ್ಟುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳೇ ಮನೆಯ ಅಟ್ಟದಲ್ಲಿ ಚಿಕ್ಕಪ್ಪ ಸುಮಾರು 1987ರಲ್ಲಿ ತಂದಿದ್ದ ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಕಂಪ್ಯೂಟರ್ ಸಿಕ್ಕಿದೆ. ಬಿಚ್ಚಿ ನೋಡಿದರೆ ಬೋರ್ಡಿನ ತುಂಬ ಹಸಿರು ಕಿಲುಬು. ಒಂದು ಮೂಲೆಯಲ್ಲಿ ತಾಮ್ರದ ಗೆರೆಗಳೇ ತಿಂದುಹೋಗಿವೆ. ಕೀಗಳು ಮಾತ್ರ ಚೆನ್ನಾಗಿವೆ. ಜೊತೆಗೆ ಹತ್ತು ಹನ್ನೆರಡು ಕ್ಯಾಸೆಟ್‌ಗಳಿವೆ. ಒಳಗೆ ಈಗಿನ ಬೋರ್ಡ್ ಹಾಕಿ, ಅದೇ ಕೀಬೋರ್ಡಿನಿಂದ ಟಿವಿಯಲ್ಲಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಓಡಿಸಬಹುದೇ? ಏಳನೇ ತರಗತಿಯ ಮಗಳಿಗೆ ಕಲಿಸುವ ಆಸೆ. ಸೋಲ್ಡರಿಂಗ್ ಅಲ್ಪಸ್ವಲ್ಪ ಬರುತ್ತದೆ.

ಉತ್ತರ: ಖಂಡಿತ ಆಗುತ್ತದೆ. ಕೆಟ್ಟುಹೋಗಿರುವುದು ಸುಲಭವಾಗಿ ಬದಲಿಸಬಹುದಾದ ಭಾಗ, ಉಳಿದಿರುವುದು ಹುಡುಕಿದರೂ ಸಿಗದ ಭಾಗ. ಆ ಮಟ್ಟಿಗೆ ನಿಮ್ಮ ಅದೃಷ್ಟ ಚೆನ್ನಾಗಿದೆ.

ಸಿಂಕ್ಲೇರ್ ಕಂಪನಿ ಸ್ಪೆಕ್ಟ್ರಮ್ ಅನ್ನು ಬಿಡುಗಡೆ ಮಾಡಿದ್ದು 1982ರ ಏಪ್ರಿಲ್‌ನಲ್ಲಿ. ಗಟ್ಟಿ ಪ್ಲಾಸ್ಟಿಕ್ ಕೀಗಳ ‘ಪ್ಲಸ್’ ಬಂದದ್ದು 1984ರಲ್ಲಿ. ಅದನ್ನೇ ಪರವಾನಗಿ ಪಡೆದು ಭಾರತದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ 1986ರಿಂದ ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂದು ಮಾರಿತು. ಒಳಗಿರುವುದು 3.5 ಮೆಗಾಹರ್ಟ್ಸ್‌ನ ಝಡ್80 ಪ್ರೊಸೆಸರ್, 16 ಕಿಲೋಬೈಟ್ ರೋಮ್ (ಬೇಸಿಕ್ ಇರುವ, ಅಳಿಯದ ಮೆಮೊರಿ), 48 ಕಿಲೋಬೈಟ್ ರ್‍ಯಾಮ್. ಇಷ್ಟನ್ನು ಇವತ್ತು ಬೆಂಕಿಪೊಟ್ಟಣದಷ್ಟು ದೊಡ್ಡ ಬೋರ್ಡ್ ಲೀಲಾಜಾಲವಾಗಿ ಅನುಕರಿಸುತ್ತದೆ. ಅನುಕರಿಸಲು ಬಾರದ್ದು ಕೀಬೋರ್ಡ್. ಸ್ಪೆಕ್ಟ್ರಮ್ ಬೇಸಿಕ್‌ನಲ್ಲಿ ‘ಪ್ರಿಂಟ್’ ಎಂದು ಐದು ಅಕ್ಷರ ಹೊಡೆಯುವುದಿಲ್ಲ, ಸಾಲಿನ ಆರಂಭದಲ್ಲಿ ಪಿ ಒತ್ತಿದರೆ ಇಡೀ ಪದ ಬೀಳುತ್ತದೆ. ಒಂದೊಂದು ಕೀಗೂ ನಾಲ್ಕೈದು ಕೆಲಸ, ಅಷ್ಟೂ ಕೀ ಮೇಲೇ ಅಚ್ಚಾಗಿರುತ್ತವೆ. ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಹಾಕಿಕೊಟ್ಟರೆ ಮಕ್ಕಳು ಹತ್ತು ನಿಮಿಷದಲ್ಲಿ ಬೇಸರಪಟ್ಟು ಎದ್ದುಹೋಗುವುದು ಇದೇ ಕಾರಣಕ್ಕೆ: ಯಾವ ಪದ ಯಾವ ಕೀಯಲ್ಲಿದೆ ಎಂದು ಅಲ್ಲಿ ಗೊತ್ತೇ ಆಗುವುದಿಲ್ಲ. ಹಾಗಾಗಿ ನಿಮ್ಮ ಶ್ರಮದ ಮುಕ್ಕಾಲು ಪಾಲು ಕೀಬೋರ್ಡಿಗೆ ಮೀಸಲಿಡಿ.

ಹಳೆಯ ಬೋರ್ಡಿನ ಬಗ್ಗೆ ಎರಡು ಮಾತು. ಗೆರೆಗಳು ತಿಂದುಹೋಗಿರುವುದರಿಂದ ಅದಕ್ಕೆ ಕರೆಂಟು ಕೊಡಲೇಬೇಡಿ. ಅದರ ಕೆಳ ಹದಿನಾರು ಕಿಲೋಬೈಟಿನ 4116 ಮೆಮೊರಿ ಚಿಪ್‌ಗಳಿಗೆ ಮೂರು ವೋಲ್ಟೇಜ್ ಬೇಕು: ಒಂದನೇ ಕಾಲಿಗೆ ಮೈನಸ್ 5, ಎಂಟನೇ ಕಾಲಿಗೆ 12, ಒಂಬತ್ತನೆಯದಕ್ಕೆ 5. ಕಿಲುಬಿನಿಂದ ಮೈನಸ್ 5 ತಪ್ಪಿಹೋಗಿ 12 ಮಾತ್ರ ತಲುಪಿದರೆ ಚಿಪ್‌ಗಳು ಒಂದಾದ ಮೇಲೊಂದು ಸುಡುತ್ತವೆ. ಆದರೆ ಬೋರ್ಡನ್ನು ಗುಜರಿಗೂ ಹಾಕಬೇಡಿ. ಅದರ ಯುಎಲ್‌ಎ ಎಂಬ, ಪರದೆ ಕೀಬೋರ್ಡ್ ಎರಡನ್ನೂ ನೋಡಿಕೊಳ್ಳುವ ಚಿಪ್ ಫೆರಾಂಟಿ ಕಂಪನಿ ಸಿಂಕ್ಲೇರ್‌ಗಾಗಿಯೇ ಮಾಡಿಕೊಟ್ಟದ್ದು. ಅದು ಸರಿಯಿದ್ದರೆ ಇನ್ನೊಬ್ಬರ ಯಂತ್ರ ಬದುಕುತ್ತದೆ. ಹಳೆಯ ಟೂತ್‌ಬ್ರಶ್ಶಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ತೊಳೆದು, ಒಣಗಿಸಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬದಲ್ಲಿಡಿ.

ಹೊಸದಾಗಿ ಕಟ್ಟಲು ಮೂರು ದಾರಿಗಳಿವೆ. ಮೊದಲನೆಯದು ‘ಹಾರ್ಲೆಕ್ವಿನ್’ ಎಂಬ ಬೋರ್ಡ್: ಯುಎಲ್‌ಎ ಬದಲು ಸಾಮಾನ್ಯ ಲಾಜಿಕ್ ಚಿಪ್‌ಗಳು, ನಿಜವಾದ ಝಡ್80, ನಿಮ್ಮ ಕೀಬೋರ್ಡಿನ ಪಟ್ಟಿ ನೇರ ಕೂರುವ ಸಾಕೆಟ್. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಆದರೆ ನೂರಾರು ಬೆಸುಗೆ. ‘ಅಲ್ಪಸ್ವಲ್ಪ ಬರುತ್ತದೆ’ ಎನ್ನುವವರಿಗೆ ಮೊದಲ ಕೆಲಸವಾಗಿ ಬೇಡ. ಅಲ್ಲದೆ ಝಿಲಾಗ್ ಕಂಪನಿ 40 ಕಾಲಿನ ಝಡ್80ಗೆ ಕೊನೆಯ ಆರ್ಡರ್ ತೆಗೆದುಕೊಂಡದ್ದು 2024ರ ಜೂನ್‌ನಲ್ಲಿ. ಈಗ ಮೇಲಿನ ಹೆಸರು ಉಜ್ಜಿ ಬೇರೆ ಹೆಸರು ಅಚ್ಚುಹಾಕಿದ ಚಿಪ್‌ಗಳು ಬೇಕಾದಷ್ಟು ಓಡಾಡುತ್ತಿವೆ. ಮುಂದೆ ಆ ದಾರಿ ಹಿಡಿದರೆ ಈ ಪರೀಕ್ಷೆ ನೆನಪಿರಲಿ: ಬಾರ್ಡರ್ (ಪರದೆಯ ಅಂಚು) ಬಣ್ಣ 1 ಮಾಡಿ, 32768ರಿಂದ ಮುಂದಕ್ಕೆ 1, 254, 0, 237, 113, 201 ಈ ಆರು ಬೈಟ್ ಪೋಕ್ ಮಾಡಿ (ಮೆಮೊರಿಯ ಆ ವಿಳಾಸಗಳಿಗೆ ನೇರ ಬರೆಯಿರಿ), ಪ್ರೋಗ್ರಾಂ ಒಳಗಿಂದಲೇ 32768ಕ್ಕೆ ಯುಎಸ್‌ಆರ್ ಕರೆ (ಅಲ್ಲಿ ಬರೆದದ್ದನ್ನು ಓಡಿಸುವ ಆಜ್ಞೆ) ಕೊಟ್ಟು ನಂತರ ‘ಪಾಝ್ 0’ ಹಾಕಿ. ಬಾರ್ಡರ್ ಕಪ್ಪಾದರೆ ಅದು ಹಳೆಯ ಎನ್‌ಮಾಸ್ ಚಿಪ್, ಬಿಳಿಯಾದರೆ ಸಿಮಾಸ್ ಎಂಬ ಹೊಸ ಬಗೆಯದು. ಸಿಮಾಸ್ ಎಂದು ಮಾರಿದ್ದು ಕಪ್ಪು ತೋರಿಸಿದರೆ ನಿಮಗೆ ಸಿಕ್ಕಿದ್ದು ಬೇರೆ ಮಾಲು.

ಎರಡನೆಯದು ಎಫ್‌ಪಿಜಿಎ, ಅಂದರೆ ಒಳಗಿನ ಸರ್ಕ್ಯೂಟನ್ನೇ ಬೇಕಾದಂತೆ ರೂಪಿಸಬಹುದಾದ ಚಿಪ್. ಸ್ವಿಚ್ ಹಾಕಿದ ಕೂಡಲೇ ಪರದೆ ಬರುತ್ತದೆ, ಟೈಮಿಂಗ್ ಕೂಡ ಕರಾರುವಾಕ್ಕು. ನಿಮ್ಮ ಕೀಬೋರ್ಡಿಗೆ ಹೊಂದಿಸಲು ಮಾತ್ರ ಅದರ ಒಳವಿನ್ಯಾಸ ತಿದ್ದಲು ಬರಬೇಕು. ಮೂರನೆಯದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಎಮ್ಯುಲೇಟರ್. ಸಿಂಕ್ಲೇರ್‌ನ ಒಂದು ದೊಡ್ಡ ಗುಣ ಎಂದರೆ ಕರೆಂಟು ಕೊಟ್ಟ ತಕ್ಷಣ ಸಿದ್ಧವಾಗುವುದು. ಪೈ ಎದ್ದು ಕೂರಲು ಅರ್ಧ ನಿಮಿಷದ ಆಸುಪಾಸು ಬೇಕು, ಅದೊಂದು ಕೊರತೆಯೇ. ಆದರೂ ನಿಮ್ಮ ಅನುಭವಕ್ಕೂ ಮನೆಯ ಎಚ್‌ಡಿಎಂಐ ಟಿವಿಗೂ ಹೊಂದುವುದು ಇದೇ. ಮೂಲ ಡಬ್ಬಕ್ಕೆ ಒಂದೇ ಒಂದು ತೂತು ಕೊರೆಯದೆ ಮಾಡಬಹುದು, ನಾಳೆ ಹಾರ್ಲೆಕ್ವಿನ್ ಹಾಕಬೇಕೆನಿಸಿದರೆ ಇದನ್ನು ತೆಗೆದರಾಯಿತು.

ಬೇಕಾದ ಸಾಮಾನು: ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯೂ ಒಂದು, ರಾಸ್ಪ್‌ಬೆರಿ ಪೈ ಪಿಕೊ (ಕೀಗಳನ್ನು ಓದುವ ಪುಟ್ಟ ಬೋರ್ಡ್) ಒಂದು, 16 ಜಿಬಿಯ ಒಳ್ಳೆಯ ಮೈಕ್ರೊ ಎಸ್‌ಡಿ ಕಾರ್ಡ್, ಮೈಕ್ರೊ ಯುಎಸ್‌ಬಿ ಒಟಿಜಿ ಕೇಬಲ್ (ಪಿಕೊವನ್ನು ಪೈಗೆ ಜೋಡಿಸಲು), ಮಿನಿ ಎಚ್‌ಡಿಎಂಐಯಿಂದ ದೊಡ್ಡ ಎಚ್‌ಡಿಎಂಐಗೆ ಗಿಡ್ಡ ಕೇಬಲ್, 2.54 ಮಿಲಿಮೀಟರ್ ಅಂತರದ 8 ಮತ್ತು 5 ದಾರಿಯ ಮೆಂಬ್ರೇನ್ ಸಾಕೆಟ್ ಒಂದೊಂದು, 10 ಕಿಲೋಓಮ್ ರೆಸಿಸ್ಟರ್ ಐದು, 5.1 ಕಿಲೋಓಮ್ ಎರಡು, ಸಿ ಟೈಪ್ ಯುಎಸ್‌ಬಿ ಸಾಕೆಟ್, ಅಂಗೈ ಅಗಲದ ಚುಕ್ಕೆ ಬೋರ್ಡ್, ತೆಳು ವೈರು. ರೆಸಿಸ್ಟರ್, ವೈರು, ಮಲ್ಟಿಮೀಟರ್ ಶಿವಮೊಗ್ಗದ ರೇಡಿಯೊ-ಟಿವಿ ಬಿಡಿಭಾಗದ ಅಂಗಡಿಗಳಲ್ಲೇ ಸಿಗುತ್ತವೆ. ಪೈ ಮತ್ತು ಪಿಕೊಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬೇಕು. ಮೆಂಬ್ರೇನ್ ಸಾಕೆಟ್ ಸಿಗದಿದ್ದರೆ ಹಳೆಯ ಬೋರ್ಡಿನದನ್ನೇ ಬಿಡಿಸಿ ಬಳಸಿ.

ಈಗ ಕೀಬೋರ್ಡ್. ಕೀಗಳ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆಗಳ ಮೆಂಬ್ರೇನ್ ಇದೆ. ಅದರಿಂದ ಎರಡು ಪಟ್ಟಿಗಳು ಹೊರಬರುತ್ತವೆ, ಒಂದರಲ್ಲಿ ಎಂಟು ಗೆರೆ, ಇನ್ನೊಂದರಲ್ಲಿ ಐದು. ನಲವತ್ತು ವರ್ಷದ ಪ್ಲಾಸ್ಟಿಕ್ ಒಣಗಿದ ಬಾಳೆಯೆಲೆಯ ಹಾಗೆ ಮುರಿಯುತ್ತದೆ, ಮಡಿಸಬೇಡಿ, ಎಳೆಯಬೇಡಿ. ತುದಿ ಮಾತ್ರ ಬಿರುಕು ಬಿಟ್ಟಿದ್ದರೆ ಕತ್ತರಿಯಿಂದ ಮೂರು ನಾಲ್ಕು ಮಿಲಿಮೀಟರ್ ನೇರ ಕತ್ತರಿಸಿ ಮತ್ತೆ ಸಾಕೆಟ್‌ಗೆ ಕೂರಿಸಬಹುದು. ಪಟ್ಟಿಗೆ ನೇರವಾಗಿ ಸೋಲ್ಡರ್ ಮಾಡಲು ಹೋದರೆ ಕರಗಿಹೋಗುತ್ತದೆ. ಮೆಂಬ್ರೇನೇ ಸತ್ತಿದ್ದರೂ ಎದೆಗುಂದಬೇಕಿಲ್ಲ, ಪ್ಲಸ್ ಮಾದರಿಗೆ ಹೊಸ ಮೆಂಬ್ರೇನ್‌ಗಳನ್ನು ಈಗಲೂ ಮಾಡಿ ಮಾರುವವರು ಬ್ರಿಟನ್‌ನಲ್ಲಿದ್ದಾರೆ.

ಮೊದಲು ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ. ಎಂಟರ ಪಟ್ಟಿಗೆ ಒಂದು ಕಡ್ಡಿ, ಐದರ ಪಟ್ಟಿಗೆ ಇನ್ನೊಂದು ಕಡ್ಡಿ ಹಿಡಿದು ಕೀ ಒತ್ತಿ. ಕೆಲವು ನೂರು ಓಮ್ ಒಳಗೆ ಸ್ಥಿರವಾಗಿ ನಿಂತರೆ ಒಳ್ಳೆಯದು. ಸಾವಿರಗಟ್ಟಲೆ ತೋರಿಸಿದರೆ ಅಥವಾ ಅಂಕಿ ಕುಣಿಯುತ್ತಿದ್ದರೆ ಒಳಗೆ ಥಂಡಿ ಹಿಡಿದಿದೆ ಎಂದರ್ಥ. ಬಿಸಿಲಿಗಿಡಬೇಡಿ, ಹಾಳೆ ಸೊಟ್ಟಾಗುತ್ತದೆ. ಸಿಲಿಕಾ ಜೆಲ್ ಜೊತೆ ಡಬ್ಬದಲ್ಲಿ ಎರಡು ಮೂರು ದಿನ ಇಟ್ಟು ಮತ್ತೆ ನೋಡಿ.

ಕೀಗಳ ಜೋಡಣೆ ಎಂಟು ಅರ್ಧಸಾಲು, ಒಂದೊಂದರಲ್ಲಿ ಐದು ಕೀ. ಎಡಗಡೆಯವು: ಕ್ಯಾಪ್ಸ್ ಶಿಫ್ಟ್, ಝಡ್, ಎಕ್ಸ್, ಸಿ, ವಿ, ಎ, ಎಸ್, ಡಿ, ಎಫ್, ಜಿ, ಕ್ಯೂ, ಡಬ್ಲ್ಯೂ, ಇ, ಆರ್, ಟಿ, 1, 2, 3, 4, 5. ಬಲಗಡೆಯವು: 0, 9, 8, 7, 6, ಪಿ, ಒ, ಐ, ಯು, ವೈ, ಎಂಟರ್, ಎಲ್, ಕೆ, ಜೆ, ಎಚ್, ಸ್ಪೇಸ್, ಸಿಂಬಲ್ ಶಿಫ್ಟ್, ಎಂ, ಎನ್, ಬಿ. ಮೊದಲ ಬಿಟ್ (ಐದರ ಪಟ್ಟಿಯ ಒಂದೊಂದು ಗೆರೆ ಒಂದೊಂದು ಬಿಟ್) ಯಾವಾಗಲೂ ಹೊರ ಅಂಚಿನ ಕೀ, ಅಲ್ಲಿಂದ ಒಳಕ್ಕೆ ಎಣಿಸುತ್ತ ಬರಬೇಕು. ಇದೊಂದು ಸೂತ್ರ ಹಿಡಿದರೆ ಬಾಯಿಪಾಠ ಬೇಕಿಲ್ಲ.

ಎಂಟರ ಪಟ್ಟಿಯನ್ನು ಪಿಕೊದ ಜಿಪಿ0ಯಿಂದ ಜಿಪಿ7ರವರೆಗೆ, ಐದರ ಪಟ್ಟಿಯನ್ನು ಜಿಪಿ8ರಿಂದ ಜಿಪಿ12ರವರೆಗೆ ಜೋಡಿಸಿ. ಆ ಐದಕ್ಕೂ ಒಂದೊಂದು 10 ಕಿಲೋಓಮ್ ರೆಸಿಸ್ಟರನ್ನು 3.3 ವೋಲ್ಟ್‌ಗೆ ಕಟ್ಟಿ. ಪಿಕೊ ಒಳಗೂ ಹೀಗೆ ಮೇಲಕ್ಕೆಳೆಯುವ ರೆಸಿಸ್ಟರ್ (ಪುಲ್ ಅಪ್) ಇದೆ, ಆದರೆ ಅದು 50ರಿಂದ 80 ಕಿಲೋಓಮ್. ಮಳೆಗಾಲದ ತೇವಕ್ಕೆ ಗೆರೆಗಳ ನಡುವೆ ಸ್ವಲ್ಪ ಸೋರಿಕೆಯಾದರೂ ಅಷ್ಟು ದುರ್ಬಲ ಎಳೆತ ಸೋತು, ಒತ್ತದ ಕೀ ಒತ್ತಿದಂತೆ ಕಾಣುತ್ತದೆ. 5 ವೋಲ್ಟ್‌ಗೆ ಮಾತ್ರ ಕಟ್ಟಬೇಡಿ, ಪಿಕೊದ ಕಾಲುಗಳು ತಡೆಯುವುದಿಲ್ಲ.

ಪಿಕೊಗೆ ಸರ್ಕ್ಯೂಟ್‌ಪೈಥಾನ್ ಹಾಕಿ ಯುಎಸ್‌ಬಿ ಕೀಬೋರ್ಡಿನಂತೆ ವರ್ತಿಸುವ ಪ್ರೋಗ್ರಾಂ ಬರೆಯಬೇಕು. ಕ್ರಮ ಇಷ್ಟೇ: ಒಂದು ಅರ್ಧಸಾಲನ್ನು ಔಟ್‌ಪುಟ್ ಮಾಡಿ ಸೊನ್ನೆಗೆ ಇಳಿಸಿ, ಹತ್ತು ಮೈಕ್ರೊಸೆಕೆಂಡ್ ತಡೆದು ಐದು ಬಿಟ್ ಓದಿ, ಅದನ್ನು ಮತ್ತೆ ಇನ್‌ಪುಟ್ ಮಾಡಿ ಮುಂದಿನದಕ್ಕೆ ಹೋಗಿ. ಎಂಟೂ ಮುಗಿದರೆ ಒಂದು ಸುತ್ತು, ಐದು ಮಿಲಿಸೆಕೆಂಡಿಗೊಂದು ಸುತ್ತು ಸಾಕು. ಇಲ್ಲಿ ತುಂಬಾ ಜನ ಎಡವುವುದು ಸರದಿಯಲ್ಲಿಲ್ಲದ ಸಾಲುಗಳನ್ನು ‘ಹೈ’ಯಲ್ಲಿ ಹಿಡಿದಿಡುವ ವಿಷಯದಲ್ಲಿ. ಮೂಲ ಯಂತ್ರದಲ್ಲಿ ಎಂಟು ಸಾಲಿಗೂ ಡಯೋಡ್‌ಗಳಿದ್ದವು, ಆದರೆ ಅವು ಇದ್ದದ್ದು ಮುಖ್ಯ ಬೋರ್ಡಿನ ಮೇಲೆ. ಮೆಂಬ್ರೇನ್‌ನಲ್ಲಿ ಒಂದೂ ಇಲ್ಲ. ಒಂದೇ ಬಿಟ್‌ನ ಎರಡು ಕೀ ಒಟ್ಟಿಗೆ ಒತ್ತಿದರೆ ‘ಹೈ’ ಸಾಲೂ ‘ಲೋ’ ಸಾಲೂ ಒಂದಕ್ಕೊಂದು ಜಗ್ಗಾಡಿ ಓದು ಅಡ್ಡಾದಿಡ್ಡಿಯಾಗುತ್ತದೆ. ಸರದಿಯಿಲ್ಲದ ಸಾಲು ಇನ್‌ಪುಟ್ ಆಗಿ ಸುಮ್ಮನಿದ್ದರೆ ಈ ತಾಪತ್ರಯವಿಲ್ಲ, ಡಯೋಡೂ ಬೇಡ. ಚೌಕದ ಮೂರು ಮೂಲೆಯ ಕೀ ಒತ್ತಿದಾಗ ನಾಲ್ಕನೆಯದೂ ಒತ್ತಿದಂತೆ ಕಾಣುವುದು ಹೇಗೂ ಇರುತ್ತದೆ. ಅದು ಮೂಲದಲ್ಲೂ ಇತ್ತು.

ಪ್ಲಸ್ ಮಾದರಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇದರ ಕೀಗಳು 58, ಸರ್ಕ್ಯೂಟ್ ಮಾತ್ರ ಆ 40ರದ್ದೇ. ಡಿಲೀಟ್, ಬಾಣದ ಕೀಗಳು, ಅಲ್ಪವಿರಾಮ, ಪೂರ್ಣವಿರಾಮ ಇತ್ಯಾದಿ ಒತ್ತಿದಾಗ ಮೆಂಬ್ರೇನ್ ಎರಡು ಸಂಪರ್ಕಗಳನ್ನು ಒಟ್ಟಿಗೆ ಮುಚ್ಚುತ್ತದೆ. ಡಿಲೀಟ್ ಎಂದರೆ ಕ್ಯಾಪ್ಸ್ ಶಿಫ್ಟ್ ಜೊತೆ 0, ಅಲ್ಪವಿರಾಮ ಎಂದರೆ ಸಿಂಬಲ್ ಶಿಫ್ಟ್ ಜೊತೆ ಎನ್. ಎರಡೂ ಒಂದೇ ಕ್ಷಣಕ್ಕೆ ಮುಚ್ಚುವುದಿಲ್ಲ. ಎನ್ ಮೊದಲು ಮುಚ್ಚಿದರೆ ಅಲ್ಪವಿರಾಮದ ಬದಲು ಎನ್ ಬೀಳುತ್ತದೆ, ಮಗು ತನ್ನದೇ ತಪ್ಪೆಂದುಕೊಳ್ಳುತ್ತದೆ. ಆದ್ದರಿಂದ ಹೊಸ ಕೀ ಕಂಡಾಗ ಕೂಡಲೇ ಕಳಿಸದೆ 15 ಮಿಲಿಸೆಕೆಂಡ್, ಅಂದರೆ ಮೂರು ಸುತ್ತು, ಕಾದು ಅಷ್ಟೂ ಸುತ್ತಿನಲ್ಲಿ ಒಂದೇ ಚಿತ್ರ ಬಂದರೆ ಕಳಿಸಿ. ಬೆರಳಿಗೆ ಆ ತಡ ಗೊತ್ತಾಗುವುದಿಲ್ಲ.

ಕ್ಯಾಪ್ಸ್ ಶಿಫ್ಟ್‌ಗೆ ಎಡ ಶಿಫ್ಟ್, ಸಿಂಬಲ್ ಶಿಫ್ಟ್‌ಗೆ ಎಡ ಕಂಟ್ರೋಲ್ ಕಳಿಸಿ. ‘ಫ್ಯೂಸ್’ ಎಮ್ಯುಲೇಟರ್ ಹಾಗೆಯೇ ಅರ್ಥಮಾಡಿಕೊಳ್ಳುತ್ತದೆ. ಅದರ ಮೆನುವಿಗೆ ಎಫ್1, ಫೈಲ್ ತೆರೆಯಲು ಎಫ್3, ಉಳಿಸಲು ಎಫ್2, ರಿಸೆಟ್‌ಗೆ ಎಫ್5 ಬೇಕು, ಇವು ಸ್ಪೆಕ್ಟ್ರಮ್‌ನಲ್ಲಿ ಇಲ್ಲ. ಎರಡು ಶಿಫ್ಟ್ ಸೇರಿಸಿ ಒತ್ತುವ ಉಪಾಯ ಮಾಡಬೇಡಿ, ಅದು ಬೇಸಿಕ್‌ನ ಎಕ್ಸ್‌ಟೆಂಡ್ ಮೋಡ್. ಡಬ್ಬದ ಎಡಬದಿಯಲ್ಲಿ ಪ್ಲಸ್‌ನ ರಿಸೆಟ್ ಗುಂಡಿ ಇದೆಯಲ್ಲ, ಅದರ ಹಿಂದೆ ಒಂದು ಪುಟ್ಟ ಸ್ವಿಚ್ ಇಟ್ಟು ಜಿಪಿ13ಕ್ಕೂ ಗ್ರೌಂಡ್‌ಗೂ ಸೇರಿಸಿ. ಆ ಗುಂಡಿ ಹಿಡಿದು 1 ಒತ್ತಿದರೆ ಎಫ್1, 5 ಒತ್ತಿದರೆ ಎಫ್5 ಹೋಗಲಿ. ಗುಂಡಿ ಒಂದನ್ನೇ ಒತ್ತಿದರೆ ಏನೂ ಆಗದಿರಲಿ, ಬರೆದ ಪ್ರೋಗ್ರಾಂ ಕೈತಪ್ಪಿ ಅಳಿಯಬಾರದು.

ಇಷ್ಟಾದ ಮೇಲೆ ಪಿಕೊವನ್ನು ಲ್ಯಾಪ್‌ಟಾಪಿಗೆ ಚುಚ್ಚಿ 58 ಕೀಗಳನ್ನೂ ಒಂದೊಂದಾಗಿ ಪರೀಕ್ಷಿಸಿ. ಪಟ್ಟಿ ಉಲ್ಟಾ ಕೂತಿದ್ದರೆ ಒಂದು ಅಕ್ಷರ ಒತ್ತಿದರೆ ಬೇರೊಂದು ಬೀಳುತ್ತದೆ. ವೈರು ಬಿಚ್ಚಬೇಕಾಗಿಲ್ಲ, ಪ್ರೋಗ್ರಾಂನಲ್ಲಿ ಕಾಲುಗಳ ಕ್ರಮ ತಿರುಗಿಸಿದರೆ ಸಾಕು. ಕೀಬೋರ್ಡ್ ಪಾಸಾಗುವ ತನಕ ಪೈ ಮುಟ್ಟಬೇಡಿ, ಎರಡರ ದೋಷವೂ ಬೆರೆತರೆ ಹುಡುಕುವುದು ಕಷ್ಟ.

ಪೈಗೆ ಡೆಸ್ಕ್‌ಟಾಪ್ ಇರುವ ರಾಸ್ಪ್‌ಬೆರಿ ಪೈ ಓಎಸ್ ಹಾಕಿ, ಫ್ಯೂಸ್‌ನ ಎಸ್‌ಡಿಎಲ್ ಆವೃತ್ತಿಯನ್ನೂ ‘ಸ್ಪೆಕ್ಟ್ರಮ್ ರೋಮ್ಸ್’ ಪ್ಯಾಕೇಜನ್ನೂ ಸೇರಿಸಿ. ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು 1986ರಲ್ಲಿ ಕೊಂಡ ಆಮ್‌ಸ್ಟ್ರಾಡ್ ಕಂಪನಿ, ಎಮ್ಯುಲೇಟರ್‌ಗಳ ಜೊತೆ ರೋಮ್ ಹಂಚಲು ಅನುಮತಿ ಕೊಟ್ಟಿದೆ, ಆ ಬಗ್ಗೆ ಅಳುಕು ಬೇಡ. ಟಿವಿ ಮೋಡನ್ನು 1280×720, 50 ಹರ್ಟ್ಸ್‌ಗೆ ನಿಲ್ಲಿಸಿ. ಸ್ಪೆಕ್ಟ್ರಮ್ ಸೆಕೆಂಡಿಗೆ 50 ಸಲ ಚಿತ್ರ ಬರೆಯುತ್ತದೆ, ಟಿವಿ 60ರಲ್ಲಿದ್ದರೆ ಅಡ್ಡ ಓಡುವ ಚಿತ್ರ ತಡವರಿಸುತ್ತದೆ. ಫ್ಯೂಸ್‌ನ ಚಿತ್ರ ಅಂಚು ಸೇರಿ 320×240, ಮೂರು ಪಟ್ಟು ಮಾಡಿದರೆ 960×720, ಎತ್ತರಕ್ಕೆ ಸರಿಯಾಗಿ ಕೂರುತ್ತದೆ. ಟಿವಿ ಅದನ್ನು ಎಳೆದು ಅಗಲ ಮಾಡದಂತೆ ನೋಡಿ, ಗೇಮ್ ಮೋಡ್ ಇದ್ದರೆ ಹಾಕಿ. ಝೀರೊದಲ್ಲಿ ಎರಡು ಮೈಕ್ರೊ ಯುಎಸ್‌ಬಿ ಕಿಂಡಿಗಳಿವೆ. ಪಿಕೊವನ್ನು ಪವರ್ ಕಿಂಡಿಗೆ ಚುಚ್ಚಿದರೆ ದೀಪ ಹತ್ತುತ್ತದೆ, ಕೀ ಮಾತ್ರ ಕೆಲಸ ಮಾಡುವುದಿಲ್ಲ.

ಕರೆಂಟಿನದ್ದೇ ನಮ್ಮ ಕಡೆಯ ದೊಡ್ಡ ಚಿಂತೆ. ವೋಲ್ಟೇಜ್ ಬೀಳುವುದಕ್ಕೆ ಹೆದರಬೇಕಿಲ್ಲ, 100ರಿಂದ 240 ವೋಲ್ಟ್ ಎಂದು ಬರೆದಿರುವ 5 ವೋಲ್ಟ್ 2.5 ಆಂಪಿಯರ್ ಅಡಾಪ್ಟರ್ ನಿಭಾಯಿಸುತ್ತದೆ. ಹೆದರಬೇಕಾದ್ದು ದಿಢೀರ್ ಕರೆಂಟು ಹೋಗುವುದಕ್ಕೆ. ಬರೆಯುತ್ತಿರುವಾಗಲೇ ಹೋದರೆ ಎಸ್‌ಡಿ ಕಾರ್ಡಿನ ಫೈಲ್ ವ್ಯವಸ್ಥೆ ಕೆಟ್ಟು ಯಂತ್ರ ಏಳುವುದೇ ಇಲ್ಲ. ಎಲ್ಲ ಹೊಂದಿಸಿದ ಮೇಲೆ ಪೈನ ಸಂರಚನಾ ಮೆನುವಿನಲ್ಲಿ ‘ಓವರ್‌ಲೇ ಫೈಲ್ ಸಿಸ್ಟಮ್’ ಚಾಲೂ ಮಾಡಿ. ಆಮೇಲೆ ಆ ಭಾಗಕ್ಕೆ ಏನೂ ಬರೆಯುವುದಿಲ್ಲ. ಮಗಳು ಉಳಿಸಿದ ಪ್ರೋಗ್ರಾಂ ಕೂಡ ಆರಿಸಿದ ಕೂಡಲೇ ಮಾಯವಾಗುತ್ತದೆ, ಅದಕ್ಕೇ ಕಾರ್ಡಿನಲ್ಲಿ ಮೊದಲೇ ಬೇರೆ ಪುಟ್ಟ ಪಾರ್ಟಿಷನ್ ಮಾಡಿ ಫ್ಯೂಸ್ ಅಲ್ಲಿಗೇ ಉಳಿಸುವಂತೆ ಮಾಡಿ. ಕರೆಂಟು ತರುವ ಸಿ ಟೈಪ್ ಸಾಕೆಟ್‌ನ ಎರಡು ಸಿಸಿ ಕಾಲುಗಳಿಂದ ಗ್ರೌಂಡ್‌ಗೆ 5.1 ಕಿಲೋಓಮ್ ಒಂದೊಂದು ಹಾಕುವುದನ್ನು ಮರೆತರೆ, ಎರಡೂ ತುದಿ ಸಿ ಇರುವ ಕೇಬಲ್‌ನಲ್ಲಿ ಕರೆಂಟೇ ಬರುವುದಿಲ್ಲ. ಹಳೆಯ 9 ವೋಲ್ಟ್ ಅಡಾಪ್ಟರನ್ನು ಕಣ್ಣಿಗೆ ಕಾಣದ ಕಡೆ ಇಡಿ. ಅದರ ನಡುವಿನ ಪಿನ್ ಮೈನಸ್, ಯಾರಾದರೂ ಅದನ್ನು ಹೊಸ ಬೋರ್ಡಿಗೆ ಸೇರಿಸಿದರೆ ಪೈ, ಪಿಕೊ ಎರಡೂ ಒಂದೇ ಕ್ಷಣದಲ್ಲಿ ಹೋಗುತ್ತವೆ. ಗುಡುಗು ಸಿಡಿಲಿನ ಹೊತ್ತು ಅಡಾಪ್ಟರ್ ಕಿತ್ತರಷ್ಟೇ ಸಾಲದು, ಎಚ್‌ಡಿಎಂಐ ಕೂಡ ಕೀಳಿ: ಡಿಶ್ ವೈರಿನಲ್ಲಿ ಬಂದ ಸಿಡಿಲು ಟಿವಿ ದಾಟಿ ಅದರಿಂದಲೇ ಒಳಬರುತ್ತದೆ.

ಚುಕ್ಕೆ ಬೋರ್ಡನ್ನು ಮೂಲ ಬೋರ್ಡಿನ ಸ್ಕ್ರೂ ಕಂಬಗಳಿಗೇ ಪ್ಲಾಸ್ಟಿಕ್ ಸ್ಪೇಸರ್ ಕೊಟ್ಟು ಕೂರಿಸಿ, ಕೇಬಲ್‌ಗಳನ್ನು ಹಿಂದಿನ ಎಕ್ಸ್‌ಪ್ಯಾನ್ಷನ್ ಕಿಂಡಿಯಿಂದ ಹೊರತನ್ನಿ. ಉಳಿದ ಸಂದಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ. ಮಣ್ಣಿನ ಗೂಡು ಕಟ್ಟುವ ಕಣಜ ಇಂಥ ತೂತಿಗೇ ಕಾದಿರುತ್ತದೆ. ಆರಿದ್ರಾ ಮಳೆ ಹಿಡಿಯುವ ಮೊದಲು ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಇಟ್ಟು ತಿಂಗಳಿಗೊಮ್ಮೆ ಬದಲಿಸಿ. ಎಲ್ಲಕ್ಕಿಂತ ಒಳ್ಳೆಯ ಮದ್ದು, ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ಒಂದು ಗಂಟೆ ಓಡಿಸುವುದು. ಪೈನ ಬಿಸಿಯೇ ಥಂಡಿ ಓಡಿಸುತ್ತದೆ.

ಕ್ಯಾಸೆಟ್‌ಗಳನ್ನು ಈಗಲೇ ಹಾಕಿ ಕೇಳಲು ಹೋಗಬೇಡಿ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಇದ್ದರೆ ಅದು ಹೆಡ್‌ಗೆ ಅಂಟಿ ಉಳಿದ ಕ್ಯಾಸೆಟ್‌ಗಳನ್ನೂ ಹಾಳುಮಾಡುತ್ತದೆ. ಬೂಷ್ಟು ಹಿಡಿದವನ್ನು ಬೇರೆ ಮಾಡಿ, ಒಳ್ಳೆಯವನ್ನು ಮೊದಲು ತೆಗೆದುಕೊಳ್ಳಿ, ಪ್ರತಿ ಕ್ಯಾಸೆಟ್ ಆದ ಮೇಲೆ ಹೆಡ್ ಒರೆಸಿ. ಲ್ಯಾಪ್‌ಟಾಪಿಗೆ 44,100 ಹರ್ಟ್ಸ್ ಮೊನೊ ವೇವ್ ಫೈಲ್ ಆಗಿ ರೆಕಾರ್ಡ್ ಮಾಡಿ, ಎಂಪಿ3 ಬೇಡ. ಸ್ಪೆಕ್ಟ್ರಮ್ ಮಾಹಿತಿಯನ್ನು ಗುರುತಿಸುವುದು ಅಲೆಯ ಉದ್ದ ಅಳೆದು, ಒಂದರ ಅಲೆ ಸೊನ್ನೆಯದಕ್ಕಿಂತ ಎರಡು ಪಟ್ಟು ಉದ್ದ. ಎಂಪಿ3ಯ ಒತ್ತಡಕ್ಕೆ ಅದರ ಅಂಚು ಮಸುಕಾಗುತ್ತದೆ. ಸುಮಾರು 807 ಹರ್ಟ್ಸ್‌ನ ಐದು ಸೆಕೆಂಡಿನ ಏಕನಾದ ಕೇಳಿದರೆ ಅದು ಪ್ರೋಗ್ರಾಂ ಆರಂಭದ ಗುರುತು. ಆ ಸದ್ದು ಮಂಕಾಗಿದ್ದರೆ ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಸದ್ದು ಗರಿಗರಿಯಾಗುವ ಜಾಗ ಹುಡುಕಿ. ಆಮೇಲೆ ಫ್ಯೂಸ್‌ನ ಜೊತೆಗಾರ ಉಪಕರಣಗಳು ಆ ವೇವ್ ಫೈಲನ್ನು ಟೇಪ್ ಫೈಲ್ ಮಾಡಿಕೊಡುತ್ತವೆ. ಚಿಕ್ಕಪ್ಪ ತಾವೇ ಬರೆದ ಪ್ರೋಗ್ರಾಂ ಇದ್ದರೆ ಅದು ಇರುವುದು ಆ ಕ್ಯಾಸೆಟ್‌ನಲ್ಲಿ ಮಾತ್ರ. ಮೊದಲು ಅದನ್ನು ಉಳಿಸಿಕೊಳ್ಳಿ.

ಮಗಳಿಗೆ ಮೊದಲ ಪಾಠವಾಗಿ ಕನ್ನಡ ಅಕ್ಷರ ಬರೆಸಿ ನೋಡಿ. ಸ್ಪೆಕ್ಟ್ರಮ್ 65368ನೇ ವಿಳಾಸದಿಂದ ಮುಂದಕ್ಕೆ ನಾವೇ ಚಿತ್ರಿಸುವ 21 ಅಕ್ಷರಗಳಿಗೆ ಜಾಗ ಬಿಟ್ಟಿದೆ, ಒಂದೊಂದು 8×8 ಚುಕ್ಕೆ, ಎಂಟು ಬೈಟ್. ಕನ್ನಡದ ಒತ್ತು, ಗುಣಿತ ಎಂಟು ಚುಕ್ಕೆಯಲ್ಲಿ ಹಿಡಿಸುವುದಿಲ್ಲ, ನಾಲ್ಕು ಮನೆ ಸೇರಿಸಿ 16×16 ಮಾಡಬೇಕು. ‘ಶಿವಮೊಗ್ಗ’ಕ್ಕೆ ಶಿ, ವ, ಗ್ಗ ನಾಲ್ಕು ನಾಲ್ಕು ಮನೆ, ಅಗಲದ ಮೊ ಆರು ಮನೆ, ಒಟ್ಟು 18. ಗೆರೆ ಹಾಕಿದ ಗಣಿತದ ಪುಸ್ತಕದಲ್ಲಿ ಚೌಕ ತುಂಬಿ, ಪ್ರತಿ ಸಾಲನ್ನು 128, 64, 32, 16, 8, 4, 2, 1ರ ಮೊತ್ತವಾಗಿ ಕೂಡಿಸಿ, ಬಂದ ಸಂಖ್ಯೆಗಳನ್ನು ಪೋಕ್ ಮಾಡಿಸಿ. ಮೂರು ಮನೆ ಇನ್ನೂ ಉಳಿದಿರುತ್ತದೆ, ಅದರಲ್ಲಿ ಏನು ಬಿಡಿಸಬೇಕೆಂದು ಅವಳೇ ಹೇಳಲಿ.